ಸೊನ್ನಲಿಗೆಯ ಕೆರೆ ಮತ್ತು ಹಿಡಿದ ಸಂಕಲ್ಪ

ಜೀರ್ಣೋದ್ಧಾರಕ್ಕೆ ಕೈಹಾಕಿದ ಊರುಗಳೆಲ್ಲ ಒಂದು ಸಂಗತಿಯನ್ನು ಬಲ್ಲವು. ಭೂಮಿಪೂಜೆಯ ದಿನ ಊರಿಗೆ ಊರೇ ನೆರೆಯುತ್ತದೆ. ವಾದ್ಯಗಳು ಮೊಳಗುತ್ತವೆ, ತೆಂಗಿನಕಾಯಿಗಳು ಒಡೆಯುತ್ತವೆ, ಕಾಣಿಕೆ ಕೊಟ್ಟವರ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಾರೆ. ಪರಸ್ಥಳದಲ್ಲಿ ದುಡಿಯುವ ಮಕ್ಕಳು ರಜೆ ಪಡೆದು ಬಂದು ಮೊದಲ ಬುಟ್ಟಿ ಮಣ್ಣನ್ನು ತಲೆಯ ಮೇಲೆ ಹೊರುತ್ತಾರೆ. ಆ ದಿನ ಕೆಲಸವು ಮುಗಿದೇ ಹೋಯಿತೆಂಬಂತೆ ತೋರುತ್ತದೆ. ಆರು ತಿಂಗಳು ಕಳೆದ ಮೇಲೆ ಅದೇ ಸ್ಥಳಕ್ಕೆ ಹೋಗಿ ನೋಡಿದರೆ ಉಸುಕಿನ ಗುಂಪಿಯ ಮೇಲೆ ಹುಲ್ಲು ಬೆಳೆದಿರುತ್ತದೆ; ಅರ್ಧ ಎದ್ದ ಗೋಡೆಯ ನೆರಳಿನಲ್ಲಿ ಆಡುಗಳು ಮಲಗಿರುತ್ತವೆ; ಪಂಚರು ಒಬ್ಬರ ಮುಖವನ್ನೊಬ್ಬರು ನೋಡುವದಕ್ಕೆ ಸಂಕೋಚಪಡುತ್ತಾರೆ. ಹಣವು ಸಾಲದಾದದ್ದು ಒಂದು ಕಾರಣವಿರಬಹುದು. ಆದರೆ ಹಣಕ್ಕಿಂತ ಮೊದಲು ತೀರಿಹೋದದ್ದು ಬೇರೊಂದು ಎಂಬುದು ಎಲ್ಲರಿಗೂ ಒಳಗೊಳಗೆ ತಿಳಿದಿರುತ್ತದೆ.

ಹತ್ತು ಜನರು ಕೂಡಿ ಹಿಡಿದ ಕಾರ್ಯಕ್ಕೇ ಹೀಗಾಗುವದಾದರೆ, ಒಬ್ಬಂಟಿಯಾಗಿ, ಯಾರಿಗೂ ಹೇಳದೆ, ಮನಸ್ಸಿನಲ್ಲಿಯೇ ಸಂಕಲ್ಪ ತೊಟ್ಟವನ ಪಾಡೇನು? ಒತ್ತೆ ಬಿದ್ದ ಹೊಲವನ್ನು ಬಿಡಿಸಿಕೊಳ್ಳಬೇಕೆಂದು ಒಬ್ಬನು ನಿಶ್ಚಯಿಸಿರುತ್ತಾನೆ. ಕುಡಿತವನ್ನು ಬಿಡಬೇಕೆಂದು ಇನ್ನೊಬ್ಬನು ದೇವರ ಮುಂದೆ ಆಣೆ ಮಾಡಿರುತ್ತಾನೆ. ಮೂರು ಸಲ ಪರೀಕ್ಷೆಯಲ್ಲಿ ಸೋತ ಹುಡುಗನು ನಾಲ್ಕನೆಯ ಸಲಕ್ಕೆ ಪುಸ್ತಕ ತೆರೆದಿರುತ್ತಾನೆ. ಇವರಿಗೆ ವಾದ್ಯವಿಲ್ಲ, ಹೆಸರು ಓದುವವರಿಲ್ಲ. ಮೊದಲ ವಾರದ ಹುರುಪು ಇಳಿದ ಮೇಲೆ ಅವರು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ತಮ್ಮಲ್ಲಿ ಭಕ್ತಿ ಸಾಲದು, ಛಲ ಸಾಲದು, ಉತ್ಸಾಹ ನಿಲ್ಲುವದಿಲ್ಲ ಎನ್ನುತ್ತಾರೆ. ಉತ್ಸಾಹವೆಂಬುದು ನಿಲ್ಲುವ ವಸ್ತುವೇ ಅಹುದೋ ಅಲ್ಲವೋ ಎಂದು ಕೇಳುವವರು ಕಡಿಮೆ. ಈ ಪ್ರಶ್ನೆಗೆ ಉತ್ತರವು ಸೊಲ್ಲಾಪುರ, ಅಕ್ಕಲಕೋಟ, ಜತ್ತ ಸೀಮೆಯ ಜನರಿಗೆ ದೂರದಲ್ಲಿಲ್ಲ. ಅದು ಸೊಲ್ಲಾಪುರದ ಕೆರೆಯ ನೀರಿನ ನಡುವೆಯೇ ನಿಂತಿದೆ.

ಹನ್ನೆರಡನೆಯ ಶತಮಾನದಲ್ಲಿ ಸೊಲ್ಲಾಪುರಕ್ಕೆ ಸೊನ್ನಲಿಗೆ ಎಂದು ಹೆಸರು. ಅಲ್ಲಿ ಮುದ್ದುಗೌಡ ಮತ್ತು ಸುಗ್ಗಲದೇವಿಯರಿಗೆ ಒಬ್ಬ ಮಗನು ಹುಟ್ಟಿದನು. ಅವನ ಕಥೆಯನ್ನು ಹರಿಹರನ ಸೋದರಳಿಯನಾದ ರಾಘವಾಂಕನು ಷಟ್ಪದಿಯಲ್ಲಿ ಹಾಡಿದ್ದಾನೆ. ಊರೂರಿನ ಅಜ್ಜಿಯರು ತಮ್ಮ ಮಾತಿನಲ್ಲಿ ಹೇಳುತ್ತ ಬಂದಿದ್ದಾರೆ. ಆ ಮಗುವು ಎಳೆಯತನದಲ್ಲಿ ಮಾತಿಲ್ಲದೆ, ಆಟವಿಲ್ಲದೆ ಜಡನಂತೆ ಕಾಣುತ್ತಿದ್ದನು. ಮನೆಯವರು ಅವನನ್ನು ದನ ಕಾಯಲು ಹಚ್ಚಿದರು. ಒಂದು ದಿನ ಹೊಲದಲ್ಲಿದ್ದ ಬಾಲಕನ ಬಳಿಗೆ ಒಬ್ಬ ಜಂಗಮನು ಬಂದನು. ತನ್ನ ಹೆಸರು ಮಲ್ಲಯ್ಯನೆಂದನು, ಇರುವದು ಶ್ರೀಶೈಲದಲ್ಲಿ ಎಂದನು, ಹಸಿವಾಗಿದೆ ಎಂದನು. ಹುಡುಗನು ಎಳೆಯ ತೆನೆಯನ್ನು ಸುಟ್ಟು ಉಜ್ಜಿ ಕೊಟ್ಟನು. ಕನ್ನಡಿಗರು ಸೀತನಿ ಎಂದೂ ಮರಾಠಿಗರು ಹುರಡಾ ಎಂದೂ ಕರೆದು ಇಂದಿಗೂ ಹೊಲದ ಬದುವಿನಲ್ಲಿ ಕುಳಿತು ತಿನ್ನುವ ಅದೇ ತಿನಿಸು. ಅದನ್ನು ತಿಂದ ಮಲ್ಲಯ್ಯನಿಗೆ ಒಡಲು ಉರಿಯಿತು. ತಂಪಾದುದೇನಾದರೂ ಬೇಕೆಂದನು. ಮಜ್ಜಿಗೆಯನ್ನು ಕೇಳಿದನೆಂದು ಕೆಲವರು, ಮೊಸರನ್ನವೆಂದು ಕೆಲವರು ಹೇಳುತ್ತಾರೆ. ಯಾವುದಾದರೂ ಆಗಲಿ, ಅದು ಮನೆಯಲ್ಲಿತ್ತು. ಬಾಲಕನು ಓಡಿದನು. ತಾಯಿಯಿಂದ ಅದನ್ನು ಪಡೆದು ಮತ್ತೆ ಓಡಿ ಬಂದನು. ಹೊಲದಲ್ಲಿ ಮಲ್ಲಯ್ಯನಿರಲಿಲ್ಲ.

ಅಂದಿನ ವರೆಗೆ ಏನನ್ನೂ ಬೇಡದೆ ಇದ್ದ ಮಗುವಿಗೆ ಅಂದು ಒಂದು ಬೇಡಿಕೆ ಹುಟ್ಟಿತು. ಮಲ್ಲಯ್ಯಾ, ಮಲ್ಲಯ್ಯಾ ಎಂದು ಕೂಗುತ್ತ ಗಿಡಗಂಟಿಗಳನ್ನು ಸುತ್ತಿದನು. ಶ್ರೀಶೈಲಕ್ಕೆ ಹೊರಟಿದ್ದ ಯಾತ್ರಿಕರು ದಾರಿಯಲ್ಲಿ ಅವನನ್ನು ಕಂಡು, ಮಲ್ಲಯ್ಯನನ್ನು ತೋರಿಸುವೆವು ಬಾ ಎಂದು ಕರೆದುಕೊಂಡು ಹೋದರು. ನಲ್ಲಮಲೆಯ ಕಾಡುಗಳನ್ನು ದಾಟಿ ಗುಡಿಯನ್ನು ಸೇರಿದ ಮೇಲೆ ಅವರು ಮಲ್ಲಿಕಾರ್ಜುನಲಿಂಗವನ್ನು ತೋರಿಸಿದರು. ಬಾಲಕನು ನೋಡಿದನು, ಇವನು ಆ ಮಲ್ಲಯ್ಯನಲ್ಲ ಎಂದನು.

ಈ ಮಾತಿನಲ್ಲಿ ಕೆಲವರು ಮುಗ್ಧತೆಯನ್ನು ಮಾತ್ರ ಕಾಣುತ್ತಾರೆ. ಅಷ್ಟೇ ಅಲ್ಲ. ಎಲ್ಲರೂ ತಲುಪಿದೆವೆಂದು ಕೈಮುಗಿದ ಸ್ಥಳದಲ್ಲಿ ತಾನು ತಲುಪಲಿಲ್ಲವೆಂದು ಹೇಳುವದಕ್ಕೆ ಎಷ್ಟು ಎದೆ ಬೇಕು! ತನಗೆ ಬೇಕಾದುದು ಯಾವುದೆಂದು ಅಷ್ಟು ಸ್ಪಷ್ಟವಾಗಿ ತಿಳಿದವನು ಸಹಸ್ರದಲ್ಲಿ ಒಬ್ಬನು. ಅರ್ಧದಾರಿಯಲ್ಲಿ ಬಿಟ್ಟುಹೋಗುವ ಸಂಕಲ್ಪಗಳಲ್ಲಿ ಹೆಚ್ಚಿನವು ನೆರೆಮನೆಯವನ ಸಂಕಲ್ಪಗಳು. ಅವನ ಮಗನು ಡಾಕ್ಟರನಾದನೆಂದು ಇವನ ಮಗನೂ ಆಗಬೇಕು, ಆ ಊರಿನ ಗೋಪುರ ಎತ್ತರವಾಯಿತೆಂದು ಈ ಊರಿನದೂ ಏರಬೇಕು. ಅಂಥವು ನಡುವೆ ಬಿದ್ದುಹೋದರೆ ದುಃಖಿಸಬೇಕಾದುದಿಲ್ಲ.

ಬಾಲಕನು ಗುಡಿಯನ್ನು ಬಿಟ್ಟು ಮತ್ತೆ ಕೂಗುತ್ತ ಬೆಟ್ಟದಲ್ಲಿ ಅಲೆದನು. ಕಾಲು ಒಡೆದವು, ಧ್ವನಿ ಬಿದ್ದುಹೋಯಿತು. ಕೊನೆಗೆ ಆಳವಾದ ಒಂದು ಕಮರಿಯ ಅಂಚಿಗೆ ಬಂದು, ಮಲ್ಲಯ್ಯನಿಲ್ಲದ ಮೇಲೆ ಈ ಒಡಲೇಕೆಂದು ಹಾರಿಕೊಳ್ಳುವಷ್ಟರಲ್ಲಿ, ಹೊಲದಲ್ಲಿ ಕಂಡ ಅದೇ ಜಂಗಮನ ಕೈಯು ಅವನನ್ನು ಹಿಡಿಯಿತು.

ಕಥೆ ಕೇಳುವವರು ಇಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಅನೇಕರು ಕಥೆ ಇಲ್ಲಿಗೆ ಮುಗಿಯಿತೆಂದು ಭಾವಿಸುತ್ತಾರೆ. ವಿಚಾರಿಸಬೇಕಾದುದು ಮುಂದೆ ಇದೆ. ಹುಡುಗನು ಬೇಡಿದ್ದು ಸಿಕ್ಕಿತು. ಸಿಕ್ಕ ಮೇಲೆ ಮಲ್ಲಯ್ಯನು ಅವನನ್ನು ತನ್ನ ಬಳಿ ಇಟ್ಟುಕೊಂಡನೆ? ಇಲ್ಲ. ಸೊನ್ನಲಿಗೆಗೆ ಹಿಂದಿರುಗು ಎಂದನು. ಅದನ್ನೇ ಎರಡನೆಯ ಶ್ರೀಶೈಲವನ್ನಾಗಿ ಮಾಡು ಎಂದನು. ಒಂದೇ ಜಿಗಿತದಲ್ಲಿ ಎಲ್ಲವನ್ನೂ ಮುಗಿಸಿಬಿಡಬೇಕೆಂದಿದ್ದವನ ಕೈಯಲ್ಲಿ ದೇವರು ಸಲಿಕೆ ಬುಟ್ಟಿಗಳನ್ನು ಇಟ್ಟನು. ಹಾರಿಕೊಳ್ಳುವದಕ್ಕೆ ಒಂದು ಕ್ಷಣದ ಧೈರ್ಯ ಸಾಕು. ಮಣ್ಣು ಹೊರುವದಕ್ಕೆ ಅಂಥ ಧೈರ್ಯವೇನೂ ಬೇಡ; ಆದರೆ ನಾಳೆಯೂ ಬರಬೇಕು, ನಾಡಿದ್ದೂ ಬರಬೇಕು, ಮೈ ಕಾದಿದ್ದ ದಿನದ ಮರುದಿನವೂ ಬರಬೇಕು. ದೊಡ್ಡ ಆಸೆಯುಳ್ಳವರಿಗೆ ಜಿಗಿತವು ಬಹು ಪ್ರಿಯ. ಇಂದೇ ಕುಡಿತ ಬಿಡುವೆನೆಂದು ಬಾಟಲಿಯನ್ನು ಕಲ್ಲಿಗೆ ಅಪ್ಪಳಿಸುವವನೂ, ಇಂದಿನಿಂದ ರಾತ್ರಿಯೆಲ್ಲ ಓದುವೆನೆಂದು ದೀಪದ ಮುಂದೆ ಕೂರುವವನೂ ಕಮರಿಯ ಅಂಚಿನಲ್ಲಿಯೇ ನಿಂತವರು. ಅವರ ಪ್ರಾಮಾಣಿಕತೆಯಲ್ಲಿ ಸಂದೇಹವಿಲ್ಲ. ಅವರನ್ನು ಹಿಡಿದು ಸೊನ್ನಲಿಗೆಗೆ ಹಿಂದಕ್ಕೆ ಕಳಿಸುವ ಒಂದು ಕೈ ಬೇಕು, ಅಷ್ಟೆ.

ಹಿಂದಿರುಗಿದ ಸಿದ್ಧರಾಮರು ಗುಡಿಯನ್ನು ಕಟ್ಟಿದರು, ಊರ ಸುತ್ತ 68 ಲಿಂಗಗಳನ್ನು ಪ್ರತಿಷ್ಠಿಸಿದರೆಂದು ಸಂಪ್ರದಾಯವು ಹೇಳುತ್ತದೆ, ಕೆರೆಯನ್ನು ತೋಡಿಸಿದರು. ಈ ಮೂರರಲ್ಲಿ ಕೆರೆಯೇ ಹೆಚ್ಚು ಬೆವರನ್ನು ಕುಡಿದಿರಬೇಕು. ಸೊಲ್ಲಾಪುರದ ನೆಲದ ಗುಣವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ವರ್ಷಕ್ಕೆ ಸುಮಾರು 550 ಮಿಲಿಮೀಟರಿನಷ್ಟು ಮಳೆ. ಅದೂ ಬಂದರೆ ಬಂತು. ಬೇಸಿಗೆಯಲ್ಲಿ ಎರೆಯ ಭೂಮಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಕಾಲಿಗೆ ಅಂಟಿಕೊಂಡು ಹೆಜ್ಜೆ ಎತ್ತಗೊಡುವದಿಲ್ಲ. 1972ರ ಬರಗಾಲದಲ್ಲಿ ಈ ಸೀಮೆಯ ಸಾವಿರಾರು ಗಂಡಸರು ಹೆಂಗಸರು ಕೆರೆ ರಸ್ತೆಗಳ ಕಾಮಗಾರಿಗೆ ಹೋಗಿ ಮಣ್ಣು ಹೊತ್ತರು, ಕಲ್ಲು ಒಡೆದರು. ಆ ದಿನಗಳನ್ನು ಕಂಡ ಹಿರಿಯರಿಗೆ ಒಂದು ಬುಟ್ಟಿ ಮಣ್ಣು ಎಷ್ಟು ಭಾರವೆಂಬುದು ಕುತ್ತಿಗೆಯಲ್ಲಿಯೇ ನೆನಪಿರುತ್ತದೆ.

ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂದು ಕನ್ನಡದಲ್ಲಿ ಹೇಳುತ್ತಾರೆ. ಥೇಂಬೇ ಥೇಂಬೇ ತಳೇ ಸಾಚೇ ಎಂದು ಅದೇ ಬೀದಿಯ ಮರಾಠಿಗರು ಹೇಳುತ್ತಾರೆ. ಎರಡೂ ಭಾಷೆಯವರು ಒಪ್ಪಿದ ಮಾತು ಸುಳ್ಳಾಗಲಾರದು. ಆದರೂ ಈ ಗಾದೆಗಳು ಕೆರೆಯ ದಂಡೆಯ ಮೇಲೆ ನಿಂತವನ ಗಾದೆಗಳು. ಕೆರೆಯ ತಳದಲ್ಲಿ ಅಗೆಯುತ್ತಿರುವವನ ಕಷ್ಟವು ಬೇರೆ. ಅವನಿಗೆ ಕೂಡಿದ್ದು ಕಾಣುವದಿಲ್ಲ. ಬೆಳಗ್ಗೆ ನಿಂತ ನೆಲವೂ ಮಣ್ಣು, ಸಂಜೆ ನಿಂತ ನೆಲವೂ ಮಣ್ಣು. ಹೊತ್ತೊಯ್ದ ಮಣ್ಣು ಏರಿಯ ಮೇಲೆ ಬಿದ್ದು ಇತರರ ಮಣ್ಣಿನೊಡನೆ ಒಂದಾಗುತ್ತದೆ. ನೂರು ದಿನ ದುಡಿದವನಿಗೂ ತಾನು ಮೊದಲ ದಿನದಲ್ಲಿಯೇ ಇರುವಂತೆ ತೋರುತ್ತದೆ. ಉತ್ಸಾಹವು ಸಾಯುವದು ಇಂಥಲ್ಲಿ; ದಣಿವಿನಿಂದ ಸಾಯುವದು ಅಪರೂಪ.

ಇದಕ್ಕೆ ಮಣ್ಣಗೆಲಸದವರು ತಾವೇ ಒಂದು ಉಪಾಯವನ್ನು ಕಂಡುಕೊಂಡಿದ್ದಾರೆ. ಹೊಂಡವನ್ನು ಅಗೆಯುವಾಗ ನಡುನಡುವೆ ಕಂಬದಷ್ಟು ಮಣ್ಣನ್ನು ಮುಟ್ಟದೆ ಬಿಡುತ್ತಾರೆ. ಸುತ್ತಲಿನ ನೆಲವು ಇಳಿಯುತ್ತ ಹೋದಂತೆ ಆ ಮಣ್ಣಿನ ಕಂಬವು ಎದ್ದು ನಿಲ್ಲುತ್ತದೆ. ಅದರ ನೆತ್ತಿಯ ಮೇಲೆ ಹಳೆಯ ನೆಲದ ಹುಲ್ಲು ಹಾಗೆಯೇ ಇರುತ್ತದೆ. ಎಷ್ಟು ಆಳವನ್ನು ಅಗೆದಿದೆ ಎಂದು ಅಳೆಯುವದಕ್ಕೆ, ಕೂಲಿಯ ಲೆಕ್ಕ ಮಾಡುವದಕ್ಕೆ ಅದು ಸಾಕ್ಷಿ. ಅದರಿಂದ ಇನ್ನೊಂದು ಉಪಕಾರವೂ ಉಂಟು. ಸಂಜೆ ಬೆನ್ನು ನೆಟ್ಟಗೆ ಮಾಡಿ ನಿಂತ ಕೂಲಿಕಾರನು ಆ ಹುಲ್ಲನ್ನು ನೋಡುತ್ತಾನೆ; ಅದು ಮೊನ್ನೆ ಮೊಣಕಾಲಿಗಿತ್ತು, ಇಂದು ಎದೆಗೆ ಬಂದಿದೆ.

ಯೋಗಶಾಸ್ತ್ರವನ್ನು ಬರೆದ ಪತಂಜಲಿಯು ಸಾಧಕನ ದಾರಿಯಲ್ಲಿ ಬರುವ ಒಂಬತ್ತು ವಿಘ್ನಗಳನ್ನು ಎಣಿಸಿದ್ದಾನೆ. ಅವುಗಳಲ್ಲಿ ಮೊದಲನೆಯದು ವ್ಯಾಧಿ. ಋಷಿಯಾದವನು ಆಲಸ್ಯವನ್ನು ಮೊದಲು ಹೇಳದೆ ಶರೀರದ ರೋಗವನ್ನು ಮೊದಲು ಹೇಳಿದ್ದನ್ನು ಗಮನಿಸಬೇಕು. ಮೈ ಸರಿಯಿಲ್ಲದವನನ್ನು ಸೋಮಾರಿ ಎಂದು ಬಯ್ಯುವ ಹಿರಿಯರೂ, ತಮ್ಮನ್ನು ತಾವೇ ಹಾಗೆ ಬಯ್ದುಕೊಳ್ಳುವ ಸಾಧಕರೂ ಇದನ್ನು ನೆನೆಯುವದು ಒಳ್ಳೆಯದು. ಎರಡನೆಯದು ಸ್ತ್ಯಾನ, ಎಂದರೆ ಮನಸ್ಸು ಹೆಪ್ಪುಗಟ್ಟಿ ಯಾವ ಕಡೆಗೂ ಹರಿಯದಿರುವದು. ನಡುವಿನವುಗಳು ಎಲ್ಲರೂ ಬಲ್ಲವು. ಕೊನೆಯ ಎರಡು ವಿಚಿತ್ರವಾಗಿವೆ: ಎಷ್ಟು ನಡೆದರೂ ಕಾಲಿಗೆ ನೆಲೆ ಸಿಗದಿರುವದು ಒಂದು, ಸಿಕ್ಕ ನೆಲೆಯಲ್ಲಿ ನಿಲ್ಲಲಾರದಿರುವದು ಇನ್ನೊಂದು.  ಮನಸ್ಸನ್ನು ನಿಲ್ಲಿಸುವದಕ್ಕೆ ಅವನು ಹೇಳುವದು ಅಭ್ಯಾಸ, ವೈರಾಗ್ಯ ಎಂಬ ಎರಡು ಮಾತು. ಗೀತೆಯಲ್ಲಿ ಶ್ರೀಕೃಷ್ಣನು ಅರ್ಜುನನಿಗೆ ಹೇಳಿದ್ದೂ ಇವೆರಡನ್ನೇ. ಅಭ್ಯಾಸವು ಬಹುಕಾಲದ್ದಾಗಿರಬೇಕು, ನಡುವೆ ತುಂಡಾಗಬಾರದು, ಆದರದಿಂದ ಕೂಡಿರಬೇಕು. ಆಗ ಅದು ಗಟ್ಟಿಯಾದ ನೆಲವಾಗುತ್ತದೆ ಎಂದು ಪತಂಜಲಿಯ ಮತ. ಹುರುಪಿನಿಂದ ಕೂಡಿರಬೇಕೆಂದು ಅವನು ಹೇಳಲಿಲ್ಲ, ಆದರವೆಂದನು. ದೇವರ ಕೋಣೆಯಲ್ಲಿ ದೀಪ ಹಚ್ಚುವವಳಿಗೆ ದಿನದಿನವೂ ಹುರುಪಿರುತ್ತದೆಯೆ? ಅದು ಇಲ್ಲದ ದಿನವೂ ಅವಳು ಕೈ ತೊಳೆದುಕೊಂಡೇ ಬತ್ತಿಯನ್ನು ಮುಟ್ಟುತ್ತಾಳೆ.

ಈ ಗಡಿಸೀಮೆಯ ಒಬ್ಬ ತಾಯಿಯನ್ನು ಕಲ್ಪಿಸಿಕೊಳ್ಳಬೇಕು. ಅವಳ ಮನೆಯ ಮಾತು ಕನ್ನಡ. ಸಂತೆಯ ಮಾತು, ಕಚೇರಿಯ ಮಾತು, ಮೊಮ್ಮಕ್ಕಳ ಶಾಲೆಯ ಮಾತು ಮರಾಠಿ. ಎರಡರಲ್ಲಿಯೂ ಅವಳು ಜಗಳವಾಡಬಲ್ಲಳು, ಲೆಕ್ಕ ಹೇಳಬಲ್ಲಳು. ಓದುವದು ಎರಡರಲ್ಲಿಯೂ ಬಾರದು. ಶ್ರಾವಣಮಾಸದಲ್ಲಿ ಗುಡಿಯೊಳಗೆ ಪ್ರಭುಲಿಂಗಲೀಲೆಯನ್ನು ಓದಿಸುತ್ತಾರೆ. ಓದುವವರು ಒಬ್ಬರೇ ಒಬ್ಬ ಹಿರಿಯರು. ವರ್ಷ ವರ್ಷಕ್ಕೆ ಅವರ ಧ್ವನಿ ಸಣ್ಣದಾಗುತ್ತಿದೆ, ಕಣ್ಣು ಪುಸ್ತಕಕ್ಕೆ ಹತ್ತಿರವಾಗುತ್ತಿದೆ. ಅವರ ನಂತರ ಓದುವವರಾರು? ಮೊಮ್ಮಕ್ಕಳು ಬಾಳಬೋಧ ಅಕ್ಷರವನ್ನು ಸರಸರನೆ ಓದುತ್ತಾರೆ. ಕನ್ನಡದ ಪುಟವು ಅವರಿಗೆ ರಂಗೋಲಿಯಂತೆ ಕಾಣುತ್ತದೆ. ಐವತ್ತು ದಾಟಿದ ಈ ತಾಯಿಯು ಒಂದು ಶ್ರಾವಣದ ಕೊನೆಯ ಸೋಮವಾರ, ಪುರಾಣವನ್ನು ತಾನೇ ಓದಬೇಕೆಂದು ಮನಸ್ಸಿನಲ್ಲಿ ಕಾಯಿ ಕಟ್ಟುತ್ತಾಳೆ.

ಮೊದಲ ವಾರವು ಹಬ್ಬದಂತೆ ಹೋಗುತ್ತದೆ. ಆ ಹಿರಿಯರು ಅಕ್ಷರ ಬರೆದುಕೊಡುತ್ತಾರೆ. ಅವಳು ಒಂದೇ ದಿನಕ್ಕೆ ಹತ್ತು ಅಕ್ಷರ ತೀಡುತ್ತಾಳೆ. ಕಾಗುಣಿತದ ಹೊತ್ತಿಗೆ ವೇಗ ಇಳಿಯುತ್ತದೆ. ಒತ್ತಕ್ಷರಗಳು ಬಂದಾಗ ಕಣ್ಣಿನಲ್ಲಿ ನೀರು ಬರುತ್ತದೆ. ಅಷ್ಟರಲ್ಲಿ ಜೋಳದ ಸುಗ್ಗಿ, ಆ ಮೇಲೆ ಮನೆಯಲ್ಲಿ ಒಂದು ಬಾಣಂತನ. ಎರಡು ತಿಂಗಳು ಪುಸ್ತಕ ಮುಚ್ಚಿಯೇ ಇರುತ್ತದೆ. ಮತ್ತೆ ತೆರೆದಾಗ ಅರ್ಧ ಮರೆತಿರುತ್ತದೆ. ಈ ವಯಸ್ಸಿನಲ್ಲಿ ಇದೆಲ್ಲ ಏಕವ್ವಾ ಎಂದು ಸೊಸೆಯು ಪ್ರೀತಿಯಿಂದಲೇ ಹೇಳುತ್ತಾಳೆ. ವೈರಿಯ ಮಾತನ್ನು ಗೆಲ್ಲಬಹುದು; ಪ್ರೀತಿಯಿಂದ ಹೇಳಿದ ಈ ಮಾತನ್ನು ಗೆಲ್ಲುವದು ಬಹು ಕಠಿಣ.

ಅವಳು ಮಾಡತಕ್ಕದ್ದೇನು? ಮೊದಲ ವಾರದ ಹುರುಪು ಮರಳಿ ಬರಲೆಂದು ಕಾದರೆ ಅದು ಬರಲಾರದು. ಹಿಂದಿನ ಎರಡು ತಿಂಗಳ ಸಾಲವನ್ನು ಒಂದೇ ದಿನದಲ್ಲಿ ತೀರಿಸಹೊರಟರೆ ಅದು ಮತ್ತೆ ಜಿಗಿತವಾಗುತ್ತದೆ. ಅವಳಲ್ಲಿ ಈಗಾಗಲೇ ತುಂಡಾಗದ ಒಂದು ಕೆಲಸವಿದೆ, ಸಂಜೆಯ ದೀಪ. ಮದುವೆಯಾಗಿ ಬಂದಂದಿನಿಂದ ಬಾಣಂತನದಲ್ಲಿಯೂ ಸುಗ್ಗಿಯಲ್ಲಿಯೂ ಆ ಮನೆಯಲ್ಲಿ ದೀಪವು ತಪ್ಪಿಲ್ಲ. ಅವಳು ಹಚ್ಚಲಾರದ ದಿನ ಇನ್ನೊಬ್ಬರಿಂದ ಹಚ್ಚಿಸಿದ್ದಾಳೆ. ಆ ದೀಪದ ಮುಂದೆ ಒಂದೇ ಸಾಲು. ಬಂದರೂ ಒಂದು ಸಾಲು, ಬಾರದಿದ್ದರೂ ಒಂದು ಸಾಲಿನ ಮೇಲೆ ಬೆರಳು. ಬಹಳ ಚೆನ್ನಾಗಿ ಬಂದ ದಿನವೂ ಅಲ್ಲಿಗೇ ನಿಲ್ಲಿಸಿಬಿಡುವದು. ಹಸಿವು ಸ್ವಲ್ಪ ಉಳಿದಿರುವಾಗಲೇ ಎಲೆಯಿಂದ ಏಳಬೇಕೆಂದು ವೈದ್ಯರು ಹೇಳುವಂತೆ. ಮತ್ತು ಮೊದಲ ದಿನ ತಾನು ತೀಡಿದ ಸೊಟ್ಟ ಅಕ್ಷರಗಳ ಹಾಳೆಯನ್ನು ಅವಳು ಬಿಸಾಡಬಾರದು. ನಾಚಿಕೆಯಿಂದ ಬಿಸಾಡಬೇಕೆನ್ನಿಸುತ್ತದೆ, ನಿಜ. ಆ ಹಾಳೆಯನ್ನು ಪುಸ್ತಕದ ನಡುವೆ ಇಡಬೇಕು. ಏನೂ ಬರಲಿಲ್ಲವೆಂದು ಮನಸ್ಸು ಅಳುವ ಸಂಜೆ ಅದನ್ನು ತೆಗೆದು ನೋಡಿದರೆ, ಹೊಂಡದ ನಡುವಿನ ಹುಲ್ಲು ಎಲ್ಲಿಗೆ ಬಂದಿದೆಯೆಂಬುದು ಗೊತ್ತಾಗುತ್ತದೆ.

ಇಷ್ಟಕ್ಕೇ ಉಪದೇಶ ಮುಗಿಯುವದಾಗಿದ್ದರೆ ಸೊನ್ನಲಿಗೆಗೆ ಅಲ್ಲಮಪ್ರಭುಗಳು ಬರಬೇಕಾಗಿರಲಿಲ್ಲ.

ಕೆರೆಯ ಕೆಲಸ ನಡೆದಿತ್ತು. ಸಿದ್ಧರಾಮರ ಹೆಸರು ನಾಡಿನಲ್ಲೆಲ್ಲ ಹಬ್ಬಿತ್ತು. ಆಗ ಪ್ರಭುದೇವರು ಬಂದು, ನಿಮ್ಮ ಒಡ್ಡರಾಮನೆಲ್ಲಿ ಎಂದು ಕೆಲಸದವರನ್ನು ಕೇಳಿದರೆಂದು ಶೂನ್ಯಸಂಪಾದನೆಯ ಕಥೆ. ಕಲ್ಲು ಮಣ್ಣುಗಳ ಕಾಯಕದವರ ಹೆಸರು ಅದು. ಅದರಲ್ಲಿ ಹೀನತೆ ಏನೂ ಇಲ್ಲ. ಭೋವಿ ಸಮಾಜದವರು ಸಿದ್ಧರಾಮರನ್ನು ತಮ್ಮ ಗುರುವೆಂದು ಇಂದು ಅಭಿಮಾನದಿಂದ ಪೂಜಿಸುತ್ತಾರೆ. ಆದರೆ ಶಿಷ್ಯರಿಗೆ ಅದು ನಿಂದೆಯಾಗಿ ಕೇಳಿಸಿತು. ಶಿವಯೋಗಿಗಳನ್ನು ಹೀಗೆ ಕರೆಯಬಹುದೆ ಎಂದು ರೇಗಿದರು. ಕೆರೆಗಾಗಿ ತಂದ ಕಲ್ಲುಗಳನ್ನೇ ಎತ್ತಿ ಪ್ರಭುಗಳ ಮೇಲೆ ಬೀರಿದರು. ಒಂದೂ ತಾಗಲಿಲ್ಲ. ಸುದ್ದಿ ತಿಳಿದು ಸಿದ್ಧರಾಮರೇ ಬಂದರು. ಅವರ ಹಣೆಗಣ್ಣು ತೆರೆದು ಬೆಂಕಿ ಹೊರಟಿತು. ಅದು ಪ್ರಭುಗಳ ಪಾದದಲ್ಲಿ ಅಡಗಿತು.

ಎಷ್ಟು ವರ್ಷಗಳ ತಪಸ್ಸು, ಎಷ್ಟು ಸಾವಿರ ಬುಟ್ಟಿಗಳ ಮಣ್ಣು! ಇಷ್ಟೆಲ್ಲ ಆದ ಮೇಲೂ ಒಂದು ಹೆಸರು ಸಿದ್ಧರಾಮರನ್ನು ಸುಡಬಲ್ಲದಾಗಿತ್ತು. ಪ್ರಭುಗಳು ತೋರಿಸಿದ್ದು ಅದನ್ನೇ. ಕೆರೆ ತೋಡಿಸಿದವನಿಗೆ ಕೆರೆಯ ಪುಣ್ಯ ಉಂಟು. ನಾನು ತೋಡಿಸಿದೆನೆಂಬುದು ಇರುವ ವರೆಗೆ ಅದು ಕಟ್ಟಾಗಿಯೇ ಇರುತ್ತದೆ ಎಂಬುದು ಅವರ ಮಾತಿನ ತಿರುಳು. ಇಲ್ಲಿ ಯಾರಾದರೂ ಆಕ್ಷೇಪಿಸಬಹುದು: ಈ ಕಾರ್ಯವನ್ನು ಮಾಡೆಂದು ಕಮರಿಯ ಅಂಚಿನಲ್ಲಿ ಹೇಳಿದವನು ಸಾಕ್ಷಾತ್ ಮಲ್ಲಿಕಾರ್ಜುನನಲ್ಲವೆ, ಅದನ್ನು ಮಾಡಿದ್ದು ತಪ್ಪಾಯಿತೆ? ತಪ್ಪಾಗಲಿಲ್ಲ. ಮಲ್ಲಯ್ಯನ ಆಜ್ಞೆಯಲ್ಲಿ ಕೆರೆ ಇತ್ತು, ಗುಡಿ ಇತ್ತು; ಸಿದ್ಧರಾಮನೆಂಬ ಹೆಸರು ಇರಲಿಲ್ಲ. ಅದು ಕೆಲಸದ ನಡುವೆ ಹೇಗೋ ಬಂದು ಸೇರಿಕೊಂಡಿತು. ಎಲ್ಲರ ಕೆಲಸದಲ್ಲಿಯೂ ಅದು ಹೀಗೆಯೇ ಬಂದು ಸೇರುತ್ತದೆ.

ಮಣ್ಣಗೆಲಸದವರು ಬಿಟ್ಟ ಆ ಕಂಬದ ಗತಿ ಏನಾಗುತ್ತದೆ? ಅಳತೆ ಮುಗಿದ ಮೇಲೆ ಅದನ್ನೂ ಅಗೆದು ತೆಗೆಯುತ್ತಾರೆ. ಇಷ್ಟು ದಿನ ಧೈರ್ಯ ಕೊಟ್ಟಿತೆಂದು ಅದಕ್ಕೆ ಕಟ್ಟೆ ಕಟ್ಟಿ ಪೂಜಿಸಿದರೆ ನೀರು ನಿಲ್ಲುವ ಜಾಗವು ಅಷ್ಟು ಕಡಿಮೆಯಾಗುತ್ತದೆ. ಇದೇ ವೈರಾಗ್ಯವೆಂಬ ಇನ್ನೊಂದು ಮಾತು. ನೂರು ದಿನ ಕುಡಿಯಲಿಲ್ಲವೆಂದು ಎಣಿಸಿದವನಿಗೆ ಆ ಎಣಿಕೆಯು ಊರುಗೋಲಾಗಿತ್ತು. ಮುಂದೊಂದು ದಿನ ಕುಡಿಯುವವರ ಮುಂದೆ ಅದನ್ನು ಎತ್ತಿ ತೋರಿಸಹತ್ತಿದರೆ ಅದೇ ಅವನನ್ನು ಕೆಡವುತ್ತದೆ. ಹೆಸರಿನ ಬಲದಿಂದ ನಡೆದ ಕಾರ್ಯಕ್ಕೆ ಇನ್ನೂ ಒಂದು ಅಪಾಯವಿದೆ, ಊರಿನ ಪಂಚರು ಇದನ್ನು ವಿಶೇಷವಾಗಿ ಬಲ್ಲರು. ಹೊಗಳಿಕೆ ನಿಂತ ದಿನ ಕಾರ್ಯವೂ ನಿಲ್ಲುತ್ತದೆ. ಕಲ್ಲಿನ ಮೇಲೆ ಕೆತ್ತುವ ಹೆಸರುಗಳ ಕ್ರಮಕ್ಕಾಗಿ ಮನಸ್ತಾಪ ಬಂದು ವರ್ಷಗಟ್ಟಲೆ ಕಳಸವೇರದ ಗುಡಿಗಳೂ ಉಂಟು. ಅಲ್ಲಮಪ್ರಭುಗಳು ಅಂದು ಕಠೋರವಾಗಿ ನಡೆದುಕೊಂಡರೆಂದು ತೋರಬಹುದು. ಒಡ್ಡರಾಮ ಎಂದಾಗ ಅಹುದು, ಮಣ್ಣು ಹೊರುವವನೇ ನಾನು, ಬನ್ನಿರಿ ಎನ್ನುವಷ್ಟು ಹಗುರವಾದ ಮನಸ್ಸನ್ನು ಅವರು ಸಿದ್ಧರಾಮರಲ್ಲಿ ಬಯಸಿದ್ದರು.

ಸಿದ್ಧರಾಮರ ಹಿರಿಮೆಯು ಮುಂದೆ ಕಾಣುತ್ತದೆ. ಅವರು ವಾದಿಸಿ ಸೋತು ಕುಗ್ಗಲಿಲ್ಲ. ಪ್ರಭುಗಳೊಡನೆ ಕಲ್ಯಾಣಕ್ಕೆ ಹೋದರು. ನಾಡೇ ಗುರುವೆಂದು ಕಾಲಿಗೆರಗುತ್ತಿದ್ದ ಪುರುಷನು ತನಗಿಂತ ಕಿರಿಯರಾದ ಚೆನ್ನಬಸವಣ್ಣನವರಿಂದ ದೀಕ್ಷೆಯನ್ನು ಪಡೆದರು. ಅಲ್ಲಮಪ್ರಭು, ಚೆನ್ನಬಸವಣ್ಣನವರ ನಂತರ ಶೂನ್ಯಸಿಂಹಾಸನದ ಮೂರನೆಯ ಅಧ್ಯಕ್ಷರಾದರೆಂದು ಶರಣಪರಂಪರೆಯು ಅವರನ್ನು ಸ್ಮರಿಸುತ್ತದೆ. ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಅಂಕಿತದ ಅವರ ವಚನಗಳು ಸಾವಿರಕ್ಕೂ ಹೆಚ್ಚು ಇಂದು ದೊರೆಯುತ್ತವೆ. ಆ ಅಂಕಿತದಲ್ಲಿ ಹೊಲಕ್ಕೆ ಬಂದ ಮಲ್ಲಯ್ಯನೇ ಇದ್ದಾನೆ. ಬಾಲ್ಯದಲ್ಲಿ ಹುಟ್ಟಿದ ಬೇಡಿಕೆಯು ಕೆರೆಯಲ್ಲಿಯೂ ಮುಗಿಯಲಿಲ್ಲ, ಕಲ್ಯಾಣದಲ್ಲಿಯೂ ಬದಲಾಗಲಿಲ್ಲ. ಕಡೆಗೆ ಅವರು ತಮ್ಮ ಸೊನ್ನಲಿಗೆಗೇ ಮರಳಿದರು. ಅವರ ಸಮಾಧಿಯು ಅಲ್ಲಿಯೇ ಇದೆ.

ಇಂದು ಆ ಗುಡಿಗೆ ಹೋಗುವವರಿಗೆ ಸುತ್ತಲೂ ನೀರು ಕಾಣುತ್ತದೆ. ಮಕರಸಂಕ್ರಾಂತಿಯ ಜಾತ್ರೆಗೆ ಏಳು ನಂದಿಧ್ವಜಗಳು ಹೊರಡುತ್ತವೆ. ಆ ಜಾತ್ರೆಯ ಎಣ್ಣೆಮಜ್ಜನವನ್ನು ಮರಾಠಿ ಮಾತನಾಡುವ ಭಕ್ತರೂ ಯಣ್ಣೀಮಜ್ಜನ ಎಂದೇ ಕರೆಯುತ್ತಾರೆ. ಕನ್ನಡದ ಈ ಶಬ್ದವು ಅವರ ನಾಲಿಗೆಯಲ್ಲಿ ಅಷ್ಟು ಭದ್ರವಾಗಿ ಕುಳಿತಿದೆ. ಜಾತ್ರೆಯ ದಿನ ನೋಡುವವರಿಗೆ ಆ ಉದ್ದವಾದ ಕಂಬಗಳು ಹೂವಿನಂತೆ ಹಗುರವಾಗಿ ಸಾಗುವಂತೆ ತೋರುತ್ತದೆ. ಜಾತ್ರೆಗೆ ಎಷ್ಟೋ ದಿನ ಮೊದಲೇ, ಅಲಂಕಾರವಿಲ್ಲದ ಬರಿಯ ಕಂಬವನ್ನು ಹೊತ್ತು ಅಭ್ಯಾಸ ಮಾಡುವವರನ್ನು ನೋಡಲು ಹೆಚ್ಚು ಜನರು ಸೇರುವದಿಲ್ಲ. ಒಬ್ಬನು ದಣಿದಾಗ ಇನ್ನೊಬ್ಬನು ತೆಗೆದುಕೊಳ್ಳುತ್ತಾನೆ. ಮುಂದಿನ ವರ್ಷ ಹೊರಬೇಕಾದ ಹುಡುಗರು ಪಕ್ಕದಲ್ಲಿ ನಡೆಯುತ್ತಿರುತ್ತಾರೆ.

ಆ ತಾಯಿಗೂ ಮುಂದೊಂದು ಶ್ರಾವಣ ಬರುತ್ತದೆ. ಎರಡನೆಯದೋ ನಾಲ್ಕನೆಯದೋ ಇರಬಹುದು. ಗುಡಿಯಲ್ಲಿ ಪ್ರಭುಲಿಂಗಲೀಲೆ ನಡೆದಿರುತ್ತದೆ. ಅವಳು ಹೆಂಗಸರ ಸಾಲಿನಲ್ಲಿ ಕುಳಿತು, ತೊಡೆಯ ಮೇಲ�� ತನ್ನದೇ ಒಂದು ಪುಸ್ತಕವನ್ನಿಟ್ಟುಕೊಂಡು, ಓದುವವರ ಧ್ವನಿಯ ಜೊತೆಗೆ ಬೆರಳನ್ನು ನಡೆಸುತ್ತಿರುತ್ತಾಳೆ. ಅಂದು ಸೊನ್ನಲಿಗೆಗೆ ಪ್ರಭುದೇವರು ಬರುವ ಭಾಗ. ಹಿರಿಯರಿಗೆ ಕೆಮ್ಮು ಬಂದು ಓದು ನಿಲ್ಲುತ್ತದೆ. ಯಾರೋ ನೀರು ತರಲು ಏಳುತ್ತಾರೆ. ಅಷ್ಟರಲ್ಲಿ ಮುಂದಿನ ಸಾಲು ಹೆಂಗಸರ ಕಡೆಯಿಂದ, ನಿಧಾನವಾಗಿ, ಒತ್ತಕ್ಷರದಲ್ಲಿ ಒಮ್ಮೆ ತಡೆದು, ಕೇಳಿಬರುತ್ತದೆ. ಹಿರಿಯರು ನೀರು ಕುಡಿದು, ಕನ್ನಡಕವನ್ನು ಸರಿಪಡಿಸಿಕೊಂಡು, ಓದು ಎಂದು ಕೈಸನ್ನೆ ಮಾಡುತ್ತಾರೆ. ಪುಸ್ತಕದ ನಡುವೆ ಇಟ್ಟಿದ್ದ ಸೊಟ್ಟ ಅಕ್ಷರಗಳ ಹಾಳೆಯು ಯಾವಾಗ ಎಲ್ಲಿ ಜಾರಿಹೋಯಿತೆಂಬುದು ಅವಳಿಗೆ ನೆನಪಿರುವದಿಲ್ಲ.